ಮಾಟುಂಗದ ಮರೆವನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು,
ಹೊಸದಿಲ್ಲಿ

ಮಾನ್ಯರೆ,

ನಿಮ್ಮ ಐಸಿಎಂಆರ್ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಪತ್ತೆಗಾಗಿ ಒಂದು ಪರೀಕ್ಷಾ ಕಟ್ಟನ್ನು ರೂಪಿಸಿದೆ. ನೆನಪು, ಗಮನ, ಮಾತು, ದಿಕ್ಕಿನ ಅರಿವು ಎಲ್ಲವನ್ನೂ ನಮ್ಮವರ ಬದುಕಿಗೆ ಹೊಂದುವಂತೆ ಅಳೆಯಲು ಹೊರಟ ಈ ಕಟ್ಟು ಮೊದಲಿಗೆ ಐದು ಭಾಷೆಗಳಲ್ಲಿ ಸಿದ್ಧವಾಯಿತು: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ. ಒಳ್ಳೆಯ ಕೆಲಸ, ಅದಕ್ಕೆ ಮೊದಲು ನಮಸ್ಕಾರ. ಆ ಐದರಲ್ಲಿ ಮರಾಠಿ ಇರಲಿಲ್ಲ. ಕನ್ನಡವೇನೋ ಇತ್ತು, ಆದರೆ ಕನ್ನಡವೆಂದರೆ ಬೆಂಗಳೂರು ಎಂದುಕೊಳ್ಳುವುದು ದಿಲ್ಲಿಗೆ ರೂಢಿ. ಮುಂಬಯಿಯ ಮಾಟುಂಗದಲ್ಲಿ ಕೂತು ನಾನು ಬರೆಯುತ್ತಿರುವುದು ಈ ರೂಢಿಯ ಬಗ್ಗೆಯೇ.

ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಪರೇಲ್‌ನ ಕೆಇಎಂ ಆಸ್ಪತ್ರೆಯ ಬಾಗಿಲು ತೆರೆದದ್ದೂ ಅದೇ ವರ್ಷ. ಅಂದರೆ ಕನ್ನಡಿಗರ ಈ ಸಂಘಕ್ಕೂ ಊರಿನ ದೊಡ್ಡಾಸ್ಪತ್ರೆಗೂ ಒಂದೇ ವಯಸ್ಸು. ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಯಲ್ಲಿ ಓದಿದವರು, ಬ್ಯಾಂಕು, ರೈಲ್ವೆ, ಗಿರಣಿಗಳಲ್ಲಿ ದುಡಿದವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಟ್ಯಾಕ್ಸಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಹೀಗೆ ಬದುಕಿದವರ ಮಿದುಳನ್ನು ಯಾವ ಭಾಷೆಯಲ್ಲಿ ಪರೀಕ್ಷಿಸುತ್ತೀರಿ?

ಒಂದು ಸಣ್ಣ ಪರೀಕ್ಷೆಯನ್ನೇ ನೋಡಿ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂದು ಕೇಳುತ್ತಾರೆ. ನಮ್ಮ ಕಟ್ಟಡದ ಹಿರಿಯರೊಬ್ಬರು ಹಸು, ನಾಯಿ ಎಂದು ಶುರುಮಾಡಿ, ನಡುವೆ ಮರಾಠಿಯ ಮಾಂಜರ್, ಹಿಂದಿಯ ಹಾಥಿ ಎಂದೆಲ್ಲ ಸೇರಿಸಿಬಿಟ್ಟರು. ಪರೀಕ್ಷೆ ನಡೆಸುತ್ತಿದ್ದ ಹುಡುಗಿಗೆ ಅರ್ಧ ಪಟ್ಟಿ ಅರ್ಥವಾಗಲಿಲ್ಲ, ಅರ್ಥವಾಗದ್ದು ಎಣಿಕೆಗೆ ಬರಲಿಲ್ಲ. ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ಎಂದಾಗಲೂ ಹಾಗೆಯೇ. ಐವತ್ತು ವರ್ಷ ಗಲ್ಲಾದಲ್ಲಿ ಕೂತವರ ಬಾಯಲ್ಲಿ ಮರಾಠಿ ಇದ್ದರೂ ಲೆಕ್ಕ ನಡೆಯುವುದು ಮಗ್ಗಿ ಕಲಿತ ಭಾಷೆಯಲ್ಲಿ. ತಪ್ಪು ಆ ಹುಡುಗಿಯದಲ್ಲ, ಅವಳ ಕೈಗೆ ಕೊಟ್ಟ ಕಾಗದದ್ದು. ರೋಗವಿಲ್ಲದವರಿಗೆ ರೋಗದ ಚೀಟಿ ಅಂಟಬಹುದು. ಅದಕ್ಕಿಂತ ಕೆಟ್ಟದ್ದು, ರೋಗ ಇದ್ದವರನ್ನು "ಭಾಷೆ ಬರಲಿಲ್ಲ ಪಾಪ" ಎಂದು ಮನೆಗೆ ಕಳಿಸುವುದು. ಮನೆಯವರಂತೂ ವಯಸ್ಸಾಯಿತು, ಅರಳುಮರಳು ಎಂದು ಸುಮ್ಮನಾಗಲು ಮೊದಲೇ ತಯಾರಿರುತ್ತಾರೆ.

ಇದನ್ನು ಬರೀ ಸೌಲಭ್ಯದ ಬೇಡಿಕೆ ಎಂದುಕೊಳ್ಳಬೇಡಿ. ಇಂಥವರನ್ನು ಲೆಕ್ಕದಿಂದ ಬಿಟ್ಟರೆ ವಿಜ್ಞಾನಕ್ಕೂ ನಷ್ಟವಿದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು, ಅಕ್ಷರ ಕಲಿಯದವರಲ್ಲಿಯೂ. ಆದರೆ ಎರಡರ ಮೇಲೆ ಇನ್ನಷ್ಟು ಭಾಷೆ ಬಂದರೆ ಹೆಚ್ಚಿನ ಲಾಭವೇನೂ ಆ ಅಧ್ಯಯನದಲ್ಲಿ ಕಾಣಲಿಲ್ಲ. ನಾಲ್ಕೈದು ಭಾಷೆಗಳನ್ನು ದಿನವೂ ಆಡಿದ ಮಾಟುಂಗದವರಲ್ಲಿ ಏನು ಕಂಡೀತು? ಊರು ಬಿಟ್ಟು ಬಂದವರು ಮೊದಲೇ ಗಟ್ಟಿಗರಾದ್ದರಿಂದ ಮಿದುಳೂ ಗಟ್ಟಿ ಉಳಿಯಿತೇ, ಭಾಷೆಗಳಿಂದಲೇ ಉಳಿಯಿತೇ? ಎರಡನ್ನೂ ಬೇರ್ಪಡಿಸಿ ನೋಡಬೇಕಾದ ಪ್ರಶ್ನೆ ಇದು. ಊರಲ್ಲೇ ಉಳಿದ ಅಣ್ಣತಮ್ಮಂದಿರು ಉಡುಪಿಯಲ್ಲೋ ಹಾಸನದಲ್ಲೋ ಇರುವುದರಿಂದ ಹೋಲಿಕೆಗೆ ಜನವೂ ಸಿಗುತ್ತಾರೆ.

ಮನೆಬಾಗಿಲಿಗೆ ಹೋಗಿ ಮಿದುಳಿನ ಕಾಯಿಲೆ ಎಣಿಸುವುದು ಮುಂಬಯಿಗೆ ಹೊಸದಲ್ಲ. ಡಾ. ನಾದಿರ್ ಭರುಚಾ ಮತ್ತು ಸಂಗಡಿಗರು ಇಲ್ಲಿನ ಪಾರ್ಸಿ ಕಾಲನಿಗಳ 14,010 ಮಂದಿಯನ್ನು ಸಮೀಕ್ಷೆ ಮಾಡಿದರು. ಪಾರ್ಕಿನ್ಸನ್ ಇದ್ದವರು 46 ಮಂದಿ, ಅಂದರೆ ಲಕ್ಷಕ್ಕೆ ಸುಮಾರು 328. 1988ರಲ್ಲಿ ಪ್ರಕಟವಾದ ಆ ಅಂಕಿಯನ್ನು ಪ್ರಪಂಚದ ತಜ್ಞರು ಇಂದಿಗೂ ಉದ್ಧರಿಸುತ್ತಾರೆ. ಇಲ್ಲಿನ ಉದ್ಯಾನ ಫೈವ್ ಗಾರ್ಡನ್ಸ್‌ನ ಆಚೆಗೆ ಪಾರ್ಸಿಗಳು, ಈಚೆಗೆ ನಾವು; ಅಂಥ ಎಣಿಕೆ ನಮ್ಮಲ್ಲಿಯೂ ಸಾಧ್ಯ. ಇಲ್ಲಿಯದೇ ಇನ್ನೊಂದು ಉದಾಹರಣೆ: ಜೆ.ಜೆ. ಆಸ್ಪತ್ರೆಯ ಡಾ. ನೋಶಿರ್ ವಾಡಿಯಾ ಕಣ್ಣುಗುಡ್ಡೆ ನಿಧಾನವಾಗಿ ಹೊರಳುವ ಒಂಬತ್ತು ಕುಟುಂಬಗಳನ್ನು ಗಮನಿಸಿ, ಡಾ. ಸ್ವಾಮಿ ಜೊತೆಗೂಡಿ 1971ರಲ್ಲಿ ಹೊಸದೊಂದು ಆನುವಂಶಿಕ ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ಕಾರಣವಾದ ವಂಶವಾಹಿ ಸಿಕ್ಕಿದ್ದು 1996ರಲ್ಲಿ. ದುಬಾರಿ ಯಂತ್ರಕ್ಕಿಂತ ಮೊದಲು ಬೇಕಾದದ್ದು ರೋಗಿಯ ಮನೆತನವನ್ನು ಬಲ್ಲ ವೈದ್ಯ.

ಅತ್ತ ಕೋಲಾರ ಜಿಲ್ಲೆಯಲ್ಲಿ, ಮಾವಿಗೆ ಹೆಸರಾದ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಯುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತಿದೆ. ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಳ್ಳುವ ಗುರಿ. ಅಲ್ಲಿನ ರೈತರನ್ನು ಕನ್ನಡದಲ್ಲಿ ಮಾತಾಡಿಸುವ ಜಾಣ್ಮೆ ಮುಂಬಯಿಗೆ ವಲಸೆ ಬಂದ ಕನ್ನಡಿಗರಿಗೂ ಸಲ್ಲಬೇಕು.

ಸಂಶೋಧನೆಗೆ ಒಪ್ಪಿಗೆ ಪಡೆಯುವ ವಿಷಯ ಇನ್ನೊಂದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಣೆ ಇರಬೇಕು ಎನ್ನುತ್ತವೆ. ಓದಲಾಗದವರಿಗೆ ತಟಸ್ಥ ಸಾಕ್ಷಿ ಬೇಕು.  ಡಿಮೆನ್ಷಿಯಾದಲ್ಲಿ ಭಾಷೆಯ ಈ ನಿಯಮಕ್ಕೆ ಇನ್ನೂ ತೂಕವಿದೆ. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಮನೆಮಾತೊಂದೇ ಉಳಿಯುವುದನ್ನು ನಮ್ಮಲ್ಲಿ ಅನೇಕ ಮನೆಗಳು ಕಂಡಿವೆ. ಮಗ ಇಂಗ್ಲಿಷಿನಲ್ಲಿ ಸಹಿ ಹಾಕಿದರೆ ಅಪ್ಪ ಒಪ್ಪಿದ ಹಾಗಾಗುವುದಿಲ್ಲ.

ಪರೇಲ್‌ನಲ್ಲಿ ನಿಮ್ಮದೇ ಸಂಸ್ಥೆಗಳಿವೆ, ಮಾಟುಂಗದಿಂದ ರೈಲಿನಲ್ಲಿ ಕೆಲವೇ ನಿಮಿಷ. ಕೆಇಎಂ, ಸಯನ್, ನಾಯರ್ ಮೂರೂ ಪಾಲಿಕೆಯ ಆಸ್ಪತ್ರೆಗಳು. ಆ ಕನ್ನಡ ಪರೀಕ್ಷಾ ಕಟ್ಟನ್ನು ಅಲ್ಲಿಗೆ ಕಳಿಸಿಕೊಡಿ, ಅದನ್ನು ಬಳಸಲು ಇಬ್ಬರು ಮೂವರಿಗೆ ತರಬೇತಿ ಕೊಡಿಸಿ. ಮರಾಠಿಯಲ್ಲಿಯೂ ತುಳುವಿನಲ್ಲಿಯೂ ಅದು ಬೇಗ ಸಿಗುವಂತೆ ನೋಡಿಕೊಳ್ಳಿ. ಅನುದಾನ ಕೊಡುವಾಗ ಪ್ರತಿ ರೋಗಿಯ ಮನೆಮಾತು ಯಾವುದು, ಪರೀಕ್ಷೆ ನಡೆದ ಭಾಷೆ ಯಾವುದು ಎಂದು ದಾಖಲಿಸುವುದನ್ನು ಕಡ್ಡಾಯ ಮಾಡಿ. ಇದಕ್ಕೆ ಹೊಸ ಕಟ್ಟಡ ಬೇಡ. ಸಭಾಂಗಣ ಬೇಕಿದ್ದರೆ ಕನ್ನಡ ಸಂಘಗಳನ್ನು ಕೇಳಿ ನೋಡಿ. ಹಿರಿಯರನ್ನು ಒಟ್ಟುಗೂಡಿಸುವುದು ಅವುಗಳಿಗೆ ಹೊಸ ಕೆಲಸವಲ್ಲ. ಆದರೆ ಬೇಗ ಬನ್ನಿ, ಈ ತಲೆಮಾರು ಇನ್ನು ಹೆಚ್ಚು ಕಾಲ ಕಾಯಲಾರದು.

ಇತಿ,
ಮಾಟುಂಗದ ಒಬ್ಬ ಕನ್ನಡಿಗ