ಹಿತ್ತಲಿನ ಬಿಳಿಯ ಅತಿಥಿ

ಗಜೇಂದ್ರಗಡದ ನಮ್ಮ ಹಿತ್ತಲಿಗೆ ಮಳೆ ಬಿದ್ದೊಡನೆ ಬರುತ್ತಿದ್ದ ಅತಿಥಿಯೊಂದಿತ್ತು: ಸೈಕಿ ಎಂಬ ಪುಟ್ಟ ಬಿಳಿಯ ಚಿಟ್ಟೆ. ಮುಂದಿನ ರೆಕ್ಕೆಗೊಂದರಂತೆ ಕರಿಯ ಬೊಟ್ಟು. ಗ್ರೀಕರ ನುಡಿಯಲ್ಲಿ ಸೈಕಿಯೆಂದರೆ ಪ್ರಾಣ. ಚಿಟ್ಟೆಗೂ ಅದೇ ಹೆಸರು. 1793ರಲ್ಲಿ ಫ್ಯಾಬ್ರಿಸಿಯಸ್ ಎಂಬ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು.

ಇದರ ಹಾರಾಟ ಬಲಹೀನ. ನೆಲಕ್ಕೆ ಹತ್ತಿರವಾಗಿ, ಹುಲ್ಲಿನ ನಡುವೆ, ಏಳುತ್ತ ಬೀಳುತ್ತ ತೇಲುತ್ತದೆ. ನಾಯಿಸಾಸಿವೆಯಂಥ ಗಿಡಗಳ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ; ಹಸಿರು ಮರಿಹುಳುವಿಗೆ ಆ ಎಲೆಯೇ ಅನ್ನ.

ನಮಗೋ ಅದು ಬರಿಯ ಕಳೆ! ಹೋದ ವರ್ಷ ಎಲ್ಲವನ್ನೂ ಕಿತ್ತು, ಹಿತ್ತಲು ಚೊಕ್ಕಟವಾಯಿತೆಂದು ಬೀಗಿದೆನು. ಈ ಶ್ರಾವಣದಲ್ಲಿ ಅತಿಥಿ ಬರಲಿಲ್ಲ. ಈಗ ಒಂದು ಮೂಲೆಯನ್ನು ಕಳೆಗೇ ಬಿಟ್ಟು ಕಾದಿದ್ದೇನೆ. ವಾಚಕರೇ, ನಿಮ್ಮ ಹಿತ್ತಲಿನಲ್ಲಿಯೂ ಅಂಥದೊಂದು ಮೂಲೆ ಉಳಿಯಲಿ.