ಕೋಣೆ ಹಿಡಿಯುವ ಮುನ್ನ

ಶಾಲೆಗೆ ರಜೆ ಬಂತೆಂದರೆ ಮನೆಯಲ್ಲಿ ಪ್ರವಾಸದ ಮಾತು ಶುರು. ನೀರಿನಲ್ಲಿ ಆಡಬೇಕೆಂದು ಮಕ್ಕಳ ಹಟ. ಮನೆಯವರಿಗೆ ಖರ್ಚಿನ ಚಿಂತೆ. ಹಿರಿಯರು ಮಾತ್ರ "ನಿಮಗೆ ಹೇಗೆ ಬೇಕೋ ಹಾಗೆ ಮಾಡಿ" ಎಂದು ಸುಮ್ಮನಾಗುತ್ತಾರೆ. ಸಹೋದರಿಯರೇ, ನಾನಿಂದು ಹೇಳಹೊರಟಿರುವುದು ಹೀಗೆ ಸುಮ್ಮನಾಗುವವರ ಬಗ್ಗೆ.

ಎರಡು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ನಾವು ಹಂಪಿಗೆ ಹೋಗಿದ್ದೆವು. ಮಕ್ಕಳ ಆಸೆಯಂತೆ ಈಜುಕೊಳವಿರುವ ರೆಸಾರ್ಟನ್ನೇ ಆರಿಸಿದೆವು. ಮೊಬೈಲಿನಲ್ಲಿ ಚಿತ್ರ ನೋಡಿ ಮುಂಗಡವನ್ನೂ ಕಳಿಸಿದೆವು. ಹೋಗಿ ನೋಡಿದರೆ ನಮಗೆ ಸಿಕ್ಕಿದ್ದು ಎರಡನೆಯ ಮಹಡಿ. ಲಿಫ್ಟ್ ಇಲ್ಲ. ಮಂಡಿನೋವಿನ ಅತ್ತೆ ಗೋಡೆ ಹಿಡಿದುಕೊಂಡೇ ಹತ್ತಿದರು.

ಮರುದಿನ ಹೊರಡುವಾಗ ಅವರು, "ನೀವು ಹೋಗಿ ಬನ್ನಿ ಬೇಟಾ, ನನಗೆ ಸ್ವಲ್ಪ ಮಲಗಬೇಕು" ಎಂದರು. ನಾನೂ ನಂಬಿದೆ. ಸಂಜೆ ಮರಳಿದಾಗ ಕಿಟಕಿಯ ಬಳಿ ಕುಳಿತಿದ್ದರು. ಮಧ್ಯಾಹ್ನದ ಊಟಕ್ಕೂ ಕೆಳಗಿಳಿದಿರಲಿಲ್ಲ. ಮಕ್ಕಳಿಗೆಂದು ಇಟ್ಟಿದ್ದ ಬಿಸ್ಕತ್ತು ತಿಂದು ದಿನ ಕಳೆದಿದ್ದರು. "ಇಳಿದರೆ ಮತ್ತೆ ಹತ್ತಬೇಕಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇನ್ನು ಆ ಈಜುಕೊಳ! ಮಕ್ಕಳೂ ಅವರ ತಂದೆಯೂ ನೀರಿನಲ್ಲಿ. ನಾನು ದಂಡೆಯಲ್ಲಿ ಟವೆಲ್ ಹಿಡಿದು ಕಾವಲು. ಹೆಚ್ಚಿನ ಬಾಡಿಗೆ ಕೊಟ್ಟು ನಾನು ಕೊಂಡದ್ದು ಒದ್ದೆ ಬಟ್ಟೆ ಹಿಂಡುವ ಕೆಲಸವನ್ನು.

ತಪ್ಪು ರೆಸಾರ್ಟಿನವರದಲ್ಲ. ಮಹಡಿ ಯಾವುದೆಂದು ನಾವು ಅವರನ್ನು ಕೇಳಿರಲಿಲ್ಲ. ಅತ್ತೆಯನ್ನಂತೂ ಏನನ್ನೂ ಕೇಳಿರಲಿಲ್ಲ.

ಹಂಪಿಗೆ ಹೋಗುವವರು ತಂಗಲು ಮುಖ್ಯವಾಗಿ ನಾಲ್ಕು ಕಡೆಗಳಿವೆ. ಮೊದಲನೆಯದು ಹೊಸಪೇಟೆ. ಹಂಪಿಯಿಂದ ಸುಮಾರು 13 ಕಿ.ಮೀ. ದೂರ. ರೈಲು, ಬಸ್ಸು, ಆಸ್ಪತ್ರೆ, ಔಷಧದಂಗಡಿ, ಮಸೀದಿ, ನಮಗೆ ಒಗ್ಗುವ ಊಟ ಎಲ್ಲವೂ ಇಲ್ಲಿವೆ. ತುಂಗಭದ್ರಾ ಅಣೆಕಟ್ಟೂ ಹತ್ತಿರ. ಆದರೆ ದಿನವೂ ವಾಹನದಲ್ಲಿ ಹೋಗಿ ಬರಬೇಕು.

ಎರಡನೆಯದು ಕಮಲಾಪುರ. ಹಂಪಿಗೆ 4 ಕಿ.ಮೀ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ಹೋಟೆಲ್ ಇಲ್ಲಿದೆ. ಅರಮನೆಯಂಥ ದುಬಾರಿ ರೆಸಾರ್ಟೂ ಇದೆ. ಕಮಲ ಮಹಲ್, ಗಜಶಾಲೆ ಹತ್ತಿರವಿರುವುದರಿಂದ ಬೆಳಿಗ್ಗೆ ನೋಡಿ, ಮಧ್ಯಾಹ್ನ ಕೋಣೆಗೆ ಮರಳಿ ವಿಶ್ರಾಂತಿ ಪಡೆಯಬಹುದು. ವಯಸ್ಸಾದವರಿಗೂ ಹಸುಗೂಸಿನ ತಾಯಂದಿರಿಗೂ ಇದು ದೊಡ್ಡ ಅನುಕೂಲ. ಇಲ್ಲಿನ ವಸ್ತು ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆನಪಿರಲಿ.

ಮೂರನೆಯದು ಹಂಪಿ ಗ್ರಾಮದ ಹೋಂಸ್ಟೇಗಳು. ಸ್ಮಾರಕಗಳ ಮಗ್ಗುಲಲ್ಲೇ ಇರಬಹುದು. ಆದರೆ ಕೋಣೆಗಳು ಚಿಕ್ಕವು. ದೇವಾಲಯದ ಊರಾದ್ದರಿಂದ ಅಲ್ಲಿ ಸಿಗುವುದು ಸಸ್ಯಾಹಾರ.

ನಾಲ್ಕನೆಯದು ನದಿಯಾಚೆ, ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಣಾಪುರದ ಕಡೆ. ಗದ್ದೆ, ಬಂಡೆಗಳ ನಡುವೆ ನೋಟ ಚೆಂದ. ಆದರೆ ಅಣೆಕಟ್ಟಿನಿಂದ ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ಆಗ ಬುಕ್ಕಸಾಗರದ ಸೇತುವೆ ಸುತ್ತಿ ಬರಬೇಕು. ಯಾರಾದರೂ ವಿರೂಪಾಪುರ ಗಡ್ಡೆಯ ಹಳೆಯ ರೆಸಾರ್ಟುಗಳ ಹೆಸರು ಹೇಳಿದರೆ, ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ಅವುಗಳನ್ನು ತೆರವುಗೊಳಿಸಲಾಗಿದೆ ಎಂಬುದು ತಿಳಿದಿರಲಿ.

ಮುಂಗಡ ಕಳಿಸುವ ಮುನ್ನ ಫೋನ್ ಮಾಡಿ ಕೇಳಿ: ಕೋಣೆ ನೆಲಮಹಡಿಯಲ್ಲಿದೆಯೇ, ಲಿಫ್ಟ್ ಇದೆಯೇ? ಕಮೋಡ್ ಇದೆಯೇ? ಬಿಸಿನೀರು ಎಷ್ಟು ಹೊತ್ತು? ಬೆಳಗಿನ ತಿಂಡಿ ಬಾಡಿಗೆಯಲ್ಲೇ ಸೇರಿದೆಯೇ? ರಾತ್ರಿ ರೈಲಿನಲ್ಲಿ ಬಂದು ಬೆಳಿಗ್ಗೆ ಇಳಿಯುವವರು, ಕೋಣೆ ಎಷ್ಟು ಗಂಟೆಗೆ ಸಿಗುತ್ತದೆಂದು ಮರೆಯದೆ ಕೇಳಿ. ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಮಕ್ಕಳನ್ನೂ ಗಂಟುಮೂಟೆಯನ್ನೂ ಕಾಯುತ್ತಾ ಕೂರಬೇಕಾದೀತು.

ಕಳೆದ ವರ್ಷ ಮತ್ತೆ ಹೋದೆವು. ಈ ಸಲ ಮೊದಲು ಅತ್ತೆಯ ಪಕ್ಕ ಕುಳಿತು ಕೇಳಿದೆ. ಅವರ ಬೇಡಿಕೆ ಎರಡೇ: ಮೆಟ್ಟಿಲು ಬೇಡ, ಮಧ್ಯಾಹ್ನ ಒಂದು ಗಂಟೆ ನಿದ್ದೆ ಬೇಕು. ಕಮಲಾಪುರದಲ್ಲಿ ನೆಲಮಹಡಿಯ ಕೋಣೆ ಹಿಡಿದೆವು. ಈಜುಕೊಳವಿಲ್ಲವೆಂದು ಮಕ್ಕಳು ಮುನಿದರು. ಆದರೆ 2017ರಲ್ಲಿ ತೆರೆದ ಅಲ್ಲಿನ ವಾಜಪೇಯಿ ಪ್ರಾಣಿ ಸಂಗ್ರಹಾಲಯದಲ್ಲಿ ವಾಹನದೊಳಗಿಂದ ಹುಲಿ, ಸಿಂಹ ನೋಡಿದ್ದೇ ತಡ, ಮುನಿಸು ಮಾಯ! ದಾದಿಯೂ ಮಕ್ಕಳ ನಡುವೆಯೇ ಕುಳಿತಿದ್ದರು. ವಿಜಯ ವಿಠ್ಠಲ ದೇವಾಲಯಕ್ಕೆ ಹೋಗುವ ಸುಮಾರು ಒಂದು ಕಿ.ಮೀ. ದಾರಿಗೂ ಬ್ಯಾಟರಿ ವಾಹನ ಸಿಕ್ಕಿತು.

ಗಜಶಾಲೆಯೆದುರು ಅತ್ತೆ ಬಹಳ ಹೊತ್ತು ನಿಂತರು. ಅದರ 11 ಕೋಣೆಗಳನ್ನು ಬೆರಳು ಮಡಚಿ ಎಣಿಸಿ, ನನ್ನ ಕಡೆ ತಿರುಗಿ, "ನೋಡು ಬೇಟಾ, ರಾಜರು ಆನೆಗೂ ಕೆಳಗಿನ ಕೋಣೆಯನ್ನೇ ಕೊಟ್ಟಿದ್ದಾರೆ" ಎಂದರು. ಈ ಸಲ ನಾನೂ ನಕ್ಕೆ.

ನಿಮ್ಮ ಮನೆಯಲ್ಲಿ "ಹೇಗಾದರೂ ಸರಿ" ಎನ್ನುವವರು ಯಾರು? ಮುಂದಿನ ರಜೆಗೆ ಮೊದಲು ಅವರನ್ನೇ ಕೇಳಿ.