ಕಾಲುವೆಯ ದಂಡೆ ಮತ್ತು ಮೂಲೆಗೆ ಬಿದ್ದ ಸೈಕಲ್ಲು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಸೀಮೆಯು ಒಂದು ಕಾಲಕ್ಕೆ ಬರದ ಸೀಮೆಯೆಂದೇ ಹೆಸರಾಗಿತ್ತು. ಡೋಣಿ ಹರಿದರೆ ಕಣದಲ್ಲಿ ಕಾಳು, ಹರಿಯದಿದ್ದರೆ ಊರಿಗೆ ಊರೇ ಗುಳೆ. ಇದು ನಮ್ಮ ಹಿರಿಯರ ಲೆಕ್ಕ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇರಿಸಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆ ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಇಂದು ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ಇಂಡಿ ಶಾಖೆಯು ಸಿಂದಗಿ, ಇಂಡಿಗಳ ಕಡೆಗೆ ಸಾಗಿದೆ. ಮುಳವಾಡ ಏತ ನೀರಾವರಿಯಿಂದ ಬಾಗೇವಾಡಿ ಭಾಗದ ಕೆರೆಗಳು ತುಂಬಿವೆ. ಜೋಳ, ತೊಗರಿಗಳ ಜೊತೆಗೆ ಕಬ್ಬು ಬಂದಿದೆ, ನಿಂಬೆಯ ತೋಟಗಳು ಹಸಿರಾಗಿವೆ. ಇದಕ್ಕಾಗಿ ನಾವು ಕೃಷ್ಣೆಗೆ ಎಷ್ಟು ಕೃತಜ್ಞರಾದರೂ ಕಡಿಮೆಯೇ.

ಆದರೆ ನೀರಿನ ಹಿಂದೆಯೇ ಬಂದ ಇನ್ನೊಂದು ಸಂಗತಿಯನ್ನು ವೈದ್ಯನಾದವನು ಹೇಳದೆ ಇರಲಾಗದು. ಸಿಂದಗಿ ತಾಲೂಕಿನ ರೈತರೊಬ್ಬರು ಕಾಲು ಉರಿಯೆಂದು ನನ್ನಲ್ಲಿಗೆ ಬಂದರು. ಪರೀಕ್ಷಿಸಿದಾಗ ಸಕ್ಕರೆ ಕಾಯಿಲೆ ಬೇರೂರಿರುವುದು ತಿಳಿಯಿತು. ದಿನಚರಿಯನ್ನು ವಿಚಾರಿಸಿದೆ. "ಡಾಕ್ಟರ್ ಸಾಹೇಬ್ರ, ಮೊದಲ ಹೊಲಕ್ಕ ನಡಕೊಂಡು ಹೋಗ್ತಿದ್ನಿರಿ, ಆಮ್ಯಾಲ ಸೈಕಲ್ ಹೊಡದ್ನಿ. ನೀರ ಬಂತು, ಕಬ್ಬ ಬಂತು, ಮಗ ಗಾಡಿ ತಂದ. ಈಗ ಓಣ್ಯಾಗಿನ ಅಂಗಡಿಗೂ ಗಾಡೀನ ರೀ" ಎಂದರು. ಸೈಕಲ್ಲು ಎಲ್ಲಿದೆಯೆಂದು ಕೇಳಿದೆ. ದನದ ಕೊಟ್ಟಿಗೆಯ ಮೂಲೆಯಲ್ಲಿ ಹೊಟ್ಟಿನ ಚೀಲದಡಿ ಬಿದ್ದಿದೆಯೆಂದರು. ಇದು ಅವರೊಬ್ಬರ ಕಥೆಯಲ್ಲ. ನನ್ನ ಮುಂದೆ ಬಂದು ಕೂರುವ ರೋಗಿಗಳಲ್ಲಿ ಹಲವರ ಕಥೆ ಇದೇ ಆಗಿದೆ.

ನೀರಾವರಿ ಪ್ರದೇಶದ ರೈತರಿಗೆ ಸವಳು-ಜವಳಿನ ಸಂಕಟವನ್ನು ಹೊಸದಾಗಿ ವಿವರಿಸಬೇಕಿಲ್ಲ. ಎರೆ ಭೂಮಿಗೆ ನೀರನ್ನು ಹರಿಸುತ್ತಲೇ ಹೋಗಿ, ಬಸಿದು ಹೋಗಲು ದಾರಿ ಮಾಡದಿದ್ದರೆ, ಅದೇ ನೀರು ನೆಲದಡಿಯ ಉಪ್ಪನ್ನು ಮೇಲೆ ತಂದು ಬಂಗಾರದಂಥ ಹೊಲವನ್ನು ಬಂಜರಾಗಿಸುತ್ತದೆ. ದೇಹದ ಧರ್ಮವೂ ಇದಕ್ಕಿಂತ ಬೇರೆಯಲ್ಲ. ಪ್ರಮೇಹಕ್ಕೆ ಕಾರಣಗಳನ್ನು ಎಣಿಸುವಾಗ ಚರಕಾಚಾರ್ಯರು ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳನ್ನು ಒಂದೇ ಸಾಲಿನಲ್ಲಿ ಇರಿಸಿದ್ದಾರೆ. ಒಳಗೆ ಹರಿದು ಬಂದದ್ದು ದುಡಿಮೆಯಿಂದ ಬಸಿದು ಹೋಗದಿದ್ದರೆ ಕಫವೂ ಮೇದಸ್ಸೂ ಹೆಚ್ಚಿ ದೇಹವೆಂಬ ಹೊಲವೇ ಜವಳು ಹಿಡಿಯುತ್ತದೆ. ಸುಶ್ರುತಾಚಾರ್ಯರು ಪ್ರಮೇಹಿಗೆ ಹೇಳಿದ ಚಿಕಿತ್ಸೆಯಲ್ಲಿ ಔಷಧಗಳಷ್ಟೇ ಇಲ್ಲ. ನೂರು ಯೋಜನ ನಡೆಯುವುದು, ಗೋವುಗಳ ಜೊತೆ ತಿರುಗುವುದು, ಬಾವಿ ತೋಡುವುದು ಸಹ ಅಲ್ಲಿವೆ. ದುಡಿಮೆಯೇ ಮದ್ದೆಂಬುದು ಇದರ ತಿರುಳು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಕಾಲುವೆಗಳ ಜೊತೆಗೆ ನಮಗೆ ದೊರೆತ ಇನ್ನೊಂದು ಸಂಪತ್ತನ್ನು ನಾವು ಗಮನಿಸಿಯೇ ಇಲ್ಲ. ಅದು ಕಾಲುವೆಯ ದಂಡೆಯ ಗರಸಿನ ದಾರಿ. ನೀರು ತಾನಾಗಿ ಹರಿಯಬೇಕಾದುದರಿಂದ ಕಾಲುವೆಯ ಇಳಿಜಾರು ಕಣ್ಣಿಗೆ ಕಾಣದಷ್ಟು ಅಲ್ಪ. ಅದರ ಪಕ್ಕದ ದಾರಿಯೂ ಅಷ್ಟೇ ಸಮತಟ್ಟು. ಏರಿಲ್ಲದ ಕಾರಣ ಎದೆಗೂ ಮೊಣಕಾಲಿಗೂ ಏಕಾಏಕಿ ಭಾರ ಬೀಳುವುದಿಲ್ಲ. ಬಸ್ಸು, ಲಾರಿಗಳ ಹೊಗೆಯಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಬೆಳೆ, ಬೆಳ್ಳಕ್ಕಿಗಳ ಸಾಲು. ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರಿಗೆ ದೂರದೇಶದ ಹಕ್ಕಿಗಳೂ ಬರುತ್ತವೆ. ಇಂಥ ಕಚ್ಚಾದಾರಿಗೆಂದೇ ಅಗಲ ಟೈರಿನ 'ಗ್ರಾವೆಲ್ ಬೈಕ್' ಎಂಬ ಸೈಕಲ್ಲನ್ನು ಪರದೇಶಗಳಲ್ಲಿ ತಯಾರಿಸಿದ್ದಾರೆ. ನೆದರ್ಲೆಂಡ್ಸಿನಂಥ ಕಾಲುವೆಗಳ ನಾಡಿನಲ್ಲಿ ಹಿರಿಯರು, ಕಿರಿಯರೆಲ್ಲರೂ ನಿತ್ಯ ಸೈಕಲ್ಲಿನಲ್ಲಿಯೇ ಓಡಾಡುತ್ತಾರೆ. ನಮಗೆ ದುಬಾರಿ ಸೈಕಲ್ಲು ಬೇಕಿಲ್ಲ. ಕೊಟ್ಟಿಗೆಯಲ್ಲಿ ಬಿದ್ದಿರುವುದನ್ನೇ ಹೊರಗೆಳೆದು, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕನ್ನು ಸರಿಪಡಿಸಿದರೆ ಸಾಕು. ವಿಜಯಪುರ, ಬಾಗಲಕೋಟೆಗಳು ನಾಡಿಗೆ ಉತ್ತಮ ಸೈಕಲ್ ಪಟುಗಳನ್ನು ಕೊಟ್ಟ ಜಿಲ್ಲೆಗಳೆಂಬುದನ್ನೂ ನಾವು ಮರೆಯಬಾರದು.

ವ್ಯಾಯಾಮದಿಂದ ಮೈ ಹಗುರಾಗುತ್ತದೆ, ದುಡಿಯುವ ಶಕ್ತಿ ಬರುತ್ತದೆ, ಜಠರಾಗ್ನಿ ಬೆಳಗುತ್ತದೆ, ಕೊಬ್ಬು ಕರಗುತ್ತದೆ ಎಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ತಿಳಿಸುತ್ತಾರೆ. ಆದರೆ ಅದು ಅರ್ಧಶಕ್ತಿಯಷ್ಟೇ ಇರಬೇಕು. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅದೇ ಮಿತಿ. ಜೊತೆಗಾರರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ವೇಗ ಸಾಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಪೆಡಲು ತುಳಿದರೆ ಅದು ಪೂರ್ಣವಾಗುತ್ತದೆ. ತೊಡೆ, ಮೀನಖಂಡಗಳ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದ ಸಕ್ಕರೆಯನ್ನು ನೇರವಾಗಿ ಬಳಸುತ್ತವೆ. ಮೈಭಾರವನ್ನು ಸೀಟು ಹೊರುವುದರಿಂದ, ನಡೆದರೆ ಮೊಣಕಾಲು ನೋಯುವವರಲ್ಲಿಯೂ ಅನೇಕರಿಗೆ ಸೈಕಲ್ಲು ಒಗ್ಗುತ್ತದೆ.

ಕೆಲವು ಎಚ್ಚರಿಕೆಗಳನ್ನು ಪಾಲಿಸಲೇಬೇಕು. ಎದೆನೋವು, ಅತಿಯಾದ ರಕ್ತದೊತ್ತಡ, ಕಣ್ಣಿನ ಪರದೆಯ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಬೆಲ್ಲದ ತುಣುಕಿರಲಿ. ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು ಬೂಟಿಲ್ಲದೆ ಪೆಡಲು ಮೆಟ್ಟಬಾರದು. ಪೆಡಲು ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಮಡಿಚಿರುವಂತೆ ಸೀಟಿನ ಎತ್ತರವಿರಲಿ. ಚಳಿಗಾಲ, ವಸಂತ ಋತುಗಳಲ್ಲಿ ಅರ್ಧಶಕ್ತಿಯವರೆಗೆ ತುಳಿಯಬಹುದು. ನಮ್ಮ ಕಡೆಯ ಉರಿಬೇಸಿಗೆಯಲ್ಲಿ ಅದನ್ನೂ ತಗ್ಗಿಸಿ, ಬಿಸಿಲೇರುವ ಮುನ್ನ ಮನೆ ಸೇರಬೇಕು. ಮಳೆಯಾದ ಮರುದಿನ ಎರೆಮಣ್ಣಿನ ದಾರಿಗೆ ಇಳಿಯಬೇಡಿ; ಗಾಲಿಗೆ ಅಂಟಿದ ಮಣ್ಣು ಸೈಕಲ್ಲನ್ನು ಹೆಗಲೇರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತುಂಬಿದ ಕಾಲುವೆಯ ಅಂಚಿಗೆ ಹೋಗಬಾರದು. ಸಿಮೆಂಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಜಾರಿದವರಿಗೆ ಹಿಡಿಯಲು ಏನೂ ಸಿಗದು, ಈಜು ಬಲ್ಲವರೂ ಮೇಲೇರಲಾರರು. ಒಬ್ಬಂಟಿಯಾಗಿ, ಕತ್ತಲಲ್ಲಿ ಹೋಗುವುದು ಬೇಡ. ಈ ದಂಡೆಗಳ ಮೇಲೆ ಊರಿಗೊಂದೆಡೆಯಾದರೂ ಮೆಟ್ಟಿಲು, ಹಿಡಿಯಲು ಸರಪಳಿ, ತಿರುವುಗಳಲ್ಲಿ ತಡೆಗೋಡೆ ಮಾಡಿಸಬೇಕೆಂದು ಗ್ರಾಮ ಪಂಚಾಯಿತಿಗಳು ಒತ್ತಾಯಿಸಬೇಕು. ಇದು ಸೈಕಲ್ಲಿನವರಿಗಷ್ಟೇ ಅಲ್ಲ, ನಿತ್ಯ ಅಲ್ಲಿ ಓಡಾಡುವ ಮಕ್ಕಳಿಗೂ ರಕ್ಷೆ.

"ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ?" ಎಂದು ಕೆಲವರು ಕೇಳುತ್ತಾರೆ. ನಿಜವಾಗಿ ದುಡಿಯುವವರಿಗೆ ಬೇಡ. ಆದರೆ ಉಳುವುದು ಟ್ರ್ಯಾಕ್ಟರು, ನೀರೆತ್ತುವುದು ಪಂಪು, ಕಬ್ಬು ಕಡಿಯುವುದು ಬೇರೆಯವರು. ಹೀಗಿರುವಾಗ ನಮ್ಮ ದುಡಿಮೆ ಎಷ್ಟೆಂಬುದನ್ನು ನಾವೇ ಕೇಳಿಕೊಳ್ಳಬೇಕು. "ಸೈಕಲ್ಲು ಬಡವರದು" ಎಂಬ ಸಂಕೋಚ ಇನ್ನೂ ಆಳವಾದದ್ದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಬಸವಣ್ಣನವರ ಹುಟ್ಟೂರಿನ ಸೀಮೆಯವರಾದ ನಾವು ಮೈದಣಿಸುವುದಕ್ಕೆ ನಾಚಿದರೆ ಅದು ಶರಣರ ದಾರಿಯಾಗದು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ್ದು ಸಹ ಜನರ ಮೈಬೆವರಿನಿಂದಲೇ ಅಲ್ಲವೇ?

ತಾಯಂದಿರಿಗೂ ಒಂದು ಮಾತು. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಸಾಲುಗಟ್ಟಿ ಪ್ರೌಢಶಾಲೆಗೆ ಹೋದುದನ್ನು ಕಂಡು ಕಣ್ಣು ತುಂಬಿತ್ತು. ಅವರಲ್ಲಿ ಎಷ್ಟೋ ಜನ ಇಂದು ಗೃಹಿಣಿಯರು. ಮದುವೆಯ ಬಳಿಕ ಸೈಕಲ್ಲನ್ನು ಮುಟ್ಟಿಲ್ಲ. ನಾಲ್ಕಾರು ಜನ ಕೂಡಿ ಬೆಳಗಿನಲ್ಲಿ ಹೊರಟರೆ ಅತ್ತೆ-ಮಾವಂದಿರು ಅಡ್ಡಿ ಮಾಡದೆ ಹರಸಬೇಕು.

ಶ್ರೀಮಠದ ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಬರುವ ಅಮಾವಾಸ್ಯೆಗೆ ಮಠಕ್ಕೆ ಬರುವಾಗ ಹತ್ತಿರದ ಊರಿನವರಾದರೂ ಸೈಕಲ್ಲಿನಲ್ಲಿ ಬನ್ನಿ. ಅಂದು ಹೇಳಿದ ರೈತರು ಇಂದಿಗೂ ಔಷಧ ಬಿಟ್ಟಿಲ್ಲ, ಬಿಡಲೂ ಬಾರದು. ಆದರೆ ಕೊಟ್ಟಿಗೆಯ ಸೈಕಲ್ಲು ಹೊರಗೆ ಬಂದಿದೆ. ಕಾಲುವೆಯ ದಂಡೆಗುಂಟ ಹೊಲಕ್ಕೆ ಹೋಗಿ ಬರುತ್ತಾರೆ, ಸಕ್ಕರೆ ಹಿಡಿತದಲ್ಲಿದೆ. ಹೊಲಕ್ಕೆ ಬಸಿಗಾಲುವೆ ಎಷ್ಟು ಮುಖ್ಯವೋ ಮೈಗೆ ಬೆವರು ಅಷ್ಟೇ ಮುಖ್ಯ. ನೀರು ತಂದುಕೊಟ್ಟ ನಾಡು ಆರೋಗ್ಯವನ್ನು ಕಳೆದುಕೊಳ್ಳದಿರಲಿ.